ಒಂದು ದಿನ ತಡವಾದ ಮರಿಗಳು

ಭಾಗಮ್ಮನ ಕೈ ಅಂದರೆ ಕೈ. ಅಜ್ಜಂಪುರದ ಹೊರಗಿನ ಹ್ಯಾಚರಿಯಲ್ಲಿ ಹದಿನಾರು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ, ಅವತ್ತೇ ಹುಟ್ಟಿದ ಕೋಳಿಮರಿಯ ರೆಕ್ಕೆ ಬಿಡಿಸಿ ನೋಡುವುದು. ಪುಕ್ಕ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೇಂಟೆ, ಟ್ರೇಗೆ. ಎಲ್ಲಾ ಒಂದೇ ಸಮ ಇದ್ದರೆ ಹುಂಜ, ಸಾಯೋಕೆ ನೀಲಿ ಡ್ರಮ್ಮಿಗೆ. ಮೊಟ್ಟೆ ಇಡದ ಜೀವಕ್ಕೆ ಮೇವು ಯಾರು ಹಾಕುತ್ತಾರೆ? ಆ ಡ್ರಮ್ಮಿನೊಳಗೆ ಆಕೆ ಒಂದು ದಿನವೂ ಇಣುಕಿದವಳಲ್ಲ. ಆದರೂ ಊಟಕ್ಕೆ ಕೂತರೆ ಚಿಂವ್‌ಚಿಂವ್ ಕಿವಿಯಲ್ಲೇ ಇರುತ್ತಿತ್ತು.

ತಂಗಿ ಕೋಮಲಾ ಚೌಳಹಿರಿಯೂರಿನವಳು. ಗಂಡ ಸತ್ತ ಮೇಲೆ ಇದ್ದ ಮೇಕೆಗಳನ್ನು ಮಾರಿ ಶೆಡ್ಡು ಹಾಕಿಸಿ, ಸ್ಕೂಲಿಗೆ ಮೊಟ್ಟೆ ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಅಕ್ಕ ಆರಿಸಿದ ಮರಿಯೇ ಬೇಕೆಂದು ನೂರು ಹೇಂಟೆ ಕೇಳಿದ್ದಳು.

ಹಾಳು ಜ್ವರ ಬಂದದ್ದು ಆಗಲೇ. ಭಾಗಮ್ಮ ಎರಡು ದಿನ ಮಲಗಿ ಕೆಲಸಕ್ಕೆ ಹೋದರೆ, ಹಿಂದಿನ ದಿನ ಹುಟ್ಟಿದ ಮರಿಗಳನ್ನು ಯಾರೂ ಆರಿಸಿರಲಿಲ್ಲ. ತಡವಾದರೆ ಹುಂಜದ ಪುಕ್ಕವೂ ಬೆಳೆದು ಎಲ್ಲವೂ ಹೇಂಟೆಯಂತೆಯೇ ಕಾಣುತ್ತವೆ. ಇದನ್ನು ಇನ್ನು ಹೇಳೋಕಾಗಲ್ಲ ಅಂದಳು. ಮ್ಯಾನೇಜರ್ ಕಾಂತರಾಜ್ ಕೇಳಬೇಕಲ್ಲ! ಚೌಳಹಿರಿಯೂರಿನ ಆರ್ಡರ್ ಇದೆ, ಆಗದಿದ್ದರೆ ನಾಳೆಯಿಂದ ಬರಬೇಡ ಅಂದ.

ಆಕೆ ಆರಿಸಿದಳು. ಆರಿಸಿದಳು ಅನ್ನುವುದೆಂಥದು, ಕೈ ಸುಮ್ಮನೆ ಓಡಾಡಿತು. ಅರ್ಧವಾದರೂ ಹೇಂಟೆ ಇರುತ್ತವೆ ಅಂತ ತನಗೆ ತಾನೇ ಹೇಳಿಕೊಂಡಳು. ಡಬ್ಬದ ಮೇಲೆ ತಂಗಿಯ ಹೆಸರು ಬರೆದು ಕಳಿಸಿದಳು. ತಂಗಿಗೆ ಮಾತ್ರ ವಿಷಯ ಹೇಳಲಿಲ್ಲ.

ಎರಡು ತಿಂಗಳಿಗೆ ಕೋಮಲಾ ಫೋನ್ ಮಾಡಿ, ಜುಟ್ಟು ಯಾಕೋ ಕೆಂಪಗೆ ದಪ್ಪಗೆ ಬರ್ತಿದೆ ಅಂದಳು. ಆ ತಳಿಯೇ ಹಂಗೆ ಅಂದಳು ಭಾಗಮ್ಮ. ತಂಗಿ ನಂಬಿ ಇನ್ನೂ ಎರಡು ತಿಂಗಳು ಮೇವು ಹಾಕಿದಳು. ಆಮೇಲೆ ಒಂದು ಬೆಳಿಗ್ಗೆ ಶೆಡ್ಡಿಗೆ ಶೆಡ್ಡೇ ಹುಂಜದ ಕೂಗು ಕೂಗಿತು. ಸ್ಕೂಲಿನವರು ಮೊಟ್ಟೆಗೆ ಬೇರೆ ಕಡೆ ನೋಡಿಕೊಂಡರು.

ಸುದ್ದಿ ತಿಳಿದು ಭಾಗಮ್ಮ ಬಸ್ಸು ಹತ್ತಿ ಹೋದಾಗ ಕೋಳಿ ಅಂಗಡಿಯವನ ಆಟೋ ತಂಗಿಯ ಬಾಗಿಲಲ್ಲೇ ನಿಂತಿತ್ತು. ಕೋಮಲಾ ಬೈಯಲಿಲ್ಲ, ಅಳಲಿಲ್ಲ.

"ನಿಂಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು ಕಣೇ."

ಕೋಮಲಾ ಶೆಡ್ಡಿನ ಬಾಗಿಲು ತೆಗೆದಳು. "ಹಂಗಾದ್ರೆ ಈಗ ಆರ್ಸು. ಹುಂಜ ಎಲ್ಲಾ ಆಟೋಗೆ ಹಾಕು."

ಈಗ ಆರಿಸಲು ಯಾವ ಕೈಯೂ ಬೇಕಿರಲಿಲ್ಲ, ಮೂರು ವರ್ಷದ ಕೂಸೂ ಹೇಳುತ್ತಿತ್ತು. ಭಾಗಮ್ಮ ಒಂದೊಂದನ್ನೇ ಕಾಲು ಹಿಡಿದು ತಂದು ಪಂಜರಕ್ಕೆ ತುಂಬಿದಳು. ಈ ಸಲ ಎಲ್ಲದರ ಮುಖವನ್ನೂ ನೋಡಬೇಕಾಯ್ತು. ಮುಗಿಸಿ ತಿರುಗಿದರೆ ಕೋಮಲಾ ಒಳಗೆ ಹೋಗಿ ಅಗಳಿ ಹಾಕಿಕೊಂಡಿದ್ದಳು.