ಚಿಕ್ಕಮ್ಮನ ಬೆರಳಿಗೆ ಬದಲಿಲ್ಲ

ನಮ್ಮ ಚಿಕ್ಕಮ್ಮನಿಗೆ ಸಂಬಳ ಕೊಡುವುದು ಬಟ್ಟೆ ಮುಟ್ಟುವುದಕ್ಕೆ. ನಗಬೇಡಿ, ನಿಜ. ಅವಳು ಕೆಲಸ ಮಾಡುವ ಬಟ್ಟೆ ಗಿರಣಿಯ ಪರೀಕ್ಷಾ ಕೋಣೆಗೆ ಕಿಟಕಿಯೇ ಇಲ್ಲ. ಬಿಸಿ, ತೇವ ಎರಡೂ ವರ್ಷವಿಡೀ ಒಂದೇ ಅಳತೆ. ಮೇಜಿನ ಮೇಲೊಂದು ಮರದ ಪೆಟ್ಟಿಗೆ, ಅದಕ್ಕೆ ಕಪ್ಪು ಪರದೆ. ಬಣ್ಣ ನೋಡಿ ಮರುಳಾಗಬಾರದೆಂದು ಕೈ ಮಾತ್ರ ಒಳಗೆ ಹಾಕಬೇಕು.

ಯಂತ್ರಗಳು ತಮ್ಮ ಪಾಡಿಗೆ ಹೇಳುತ್ತವೆ: ಲಿನನ್ ಬೆವರನ್ನು ಬೇಗ ಹೀರುತ್ತದೆ, ಆದರೆ ಕೂತೆದ್ದರೆ ಸಾಕು, ಸುಕ್ಕು. ರೇಷ್ಮೆ ಗಟ್ಟಿ, ನೆನೆದರೆ ಸ್ವಲ್ಪ ಸೋಲುತ್ತದೆ. ನವಿರು ಉಣ್ಣೆ ಮುದುರಿದರೂ ತಾನೇ ಬಿಚ್ಚಿಕೊಳ್ಳುತ್ತದೆ. ಪಶ್ಮೀನಾ ಹಗುರ, ಬೆಚ್ಚಗೆ. ಉಜ್ಜಿದರೆ ಮಾತ್ರ ಮೇಲೆ ಸಣ್ಣ ಉಂಡೆಗಳು ಏಳುತ್ತವೆ. ಅಂಕ ಬರೆಯುವ ಹಾಳೆಯಲ್ಲಿ ಕೊನೆಯ ಕಾಲಂ ‘ಸ್ಪರ್ಶ’. ಅದನ್ನು ತುಂಬುವುದು ಚಿಕ್ಕಮ್ಮನ ಬೆರಳು.

ಅವಳು ಸೇರಿದ್ದು ನೇಯಲಿಕ್ಕೆ. ಒಮ್ಮೆ ಕಣ್ಣು ಮುಚ್ಚಿಕೊಂಡು ಎರಡು ರೇಷ್ಮೆಗಳ ವ್ಯತ್ಯಾಸ ಹೇಳಿದ್ದೇ ತಪ್ಪಾಯಿತು. ಹನ್ನೊಂದು ವರ್ಷದಿಂದ ಈ ಕೋಣೆ. ಮಗ್ಗಕ್ಕೆ ಮರಳಬೇಕೆಂಬುದೊಂದೇ ಅವಳ ಆಸೆ. ಬೆರಳು ಒರಟಾಗುತ್ತದೆಂದು ಗಿರಣಿಯವರು ಬಿಡುವುದಿಲ್ಲ. ಬಿಟ್ಟು ಹೋಗೋಣವೆಂದರೆ ಅಷ್ಟು ನವಿರಾಗಿ ನೇಯುವ ಮಗ್ಗ ಇರುವುದು ಇಲ್ಲೊಂದೇ ಕಡೆ. ಮನೆಯಲ್ಲೂ ಪಾತ್ರೆ ತಿಕ್ಕುವಂತಿಲ್ಲ.

"ಪುಣ್ಯ ಮಾಡಿದ್ದೀಯ ಕಣೇ, ನಿನ್ ಕೈಗೆ ಸೋಪಿನ ನೊರೆನೂ ತಾಗಲ್ಲ," ಎಂದು ನಮ್ಮಮ್ಮ ಬಾಣಲೆ ತಿಕ್ಕುತ್ತಲೇ ಚುಚ್ಚುತ್ತಾಳೆ.

"ಬಾ ಅಕ್ಕ, ಕೈ ಬದಲಾಯಿಸ್ಕೊಳ್ಳೋಣ," ಎನ್ನುತ್ತಾಳೆ ಚಿಕ್ಕಮ್ಮ.

ಮಗ್ಗಕ್ಕೆ ಕಳಿಸಿ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ನಿಮ್ಮ ಬೆರಳಿಗೆ ಬದಲಿ ಎಲ್ಲಿಂದ ತರ್ಲಿ ಮೇಡಂ?"

ಹಾಗಾದರೆ ಬೆರಳು ಕೆಟ್ಟಿದೆಯೆಂದೇ ತೋರಿಸಿಬಿಡೋಣ ಎಂದು ಹೋದ ವಾರ ನಿರ್ಧರಿಸಿದಳು. ಪೆಟ್ಟಿಗೆಯಲ್ಲಿ ನಾಲ್ಕು ತುಂಡು. ಪಶ್ಮೀನಾ ಬೆರಳಿಗೆ ತಾಗಿದ್ದೇ ತಡ, ಎಂಥ ಸೊಗಸಾದ ನೇಯ್ಗೆ ಎಂದು ಅವಳಿಗೆ ಗೊತ್ತಾಯಿತು. ಬೇಕೆಂದೇ ಆ ತುಂಡಿಗೆ ಹತ್ತರಲ್ಲಿ ಮೂರು ಬರೆದಳು. ಗರಿಗರಿ ಲಿನನ್‌ಗೆ ಒಂಬತ್ತು. ಇಷ್ಟಾದ ಮೇಲೂ ತನ್ನನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆಯೇ?

ಮ್ಯಾನೇಜರ್ ಹಾಳೆ ನೋಡಿ, ಪಶ್ಮೀನಾ ಮುಟ್ಟಿದರು. "ನಂಗೇನೋ ಮೆತ್ತಗೇ ಇದೆ ಅನ್ಸತ್ತೆ. ನೀವು ಮೂರು ಅಂದ್ಮೇಲೆ ಮೂರೇ ಬಿಡಿ," ಎಂದವರೇ ಆ ಬಟ್ಟೆಯನ್ನೆಲ್ಲ ತಡೆಹಿಡಿದು, ನೇಯ್ದವಳನ್ನು ಕರೆಸಿದರು.

ಬಂದವಳು ಹಿಂದೆ ಚಿಕ್ಕಮ್ಮನ ಪಕ್ಕದ ಮಗ್ಗದಲ್ಲಿ ಕೂರುತ್ತಿದ್ದ ಗೆಳತಿ. ನಲವತ್ತು ದಿನ ಕೂತು ನೇಯ್ದಿದ್ದಳು.

"ಎಲ್ಲೇ ತಪ್ಪಿದೆ? ಎಳೆ ಬಿಗಿಯಾಯ್ತಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡು. ನಿನ್ ಕೈ ಸುಳ್ಳು ಹೇಳಲ್ಲ ಬಿಡು," ಎಂದಳು.

ಚಿಕ್ಕಮ್ಮ ಹಾಳೆಯನ್ನು ಮ್ಯಾನೇಜರ್ ಕಡೆ ತಳ್ಳಿದಳು. ಆಮೇಲೆ ಹೇಳಿದಳು: "ಸರ್, ಅದು ಒಂಬತ್ತೂವರೆ. ಬೇಕಂತ್ಲೇ ಮೂರು ಬರ್ದೆ. ನನ್ನನ್ನ ಇಲ್ಲಿಂದ ತೆಗೀರಿ."

ಗೆಳತಿ ಅವಳ ಮುಖವನ್ನೇ ನೋಡುತ್ತಾ ನಿಂತಳು. ಮ್ಯಾನೇಜರ್ ಹಾಳೆಯಲ್ಲಿ ಅಂಕ ತಿದ್ದಿದರು.

"ತಾವಾಗೇ ತಪ್ಪು ಒಪ್ಕೊಳ್ಳೋರು ಎಷ್ಟ್ ಜನ ಇದಾರೆ ಮೇಡಂ? ಇಂಥೋರ್ನ ಹೇಗ್ ಬಿಡ್ಲಿ?"

ಸೋಮವಾರ ಹೋದಾಗ ಮೇಜಿನ ಮೇಲೆ ಎರಡನೆಯ ಪೆಟ್ಟಿಗೆ ಕೂತಿತ್ತು. ಇನ್ನು ಮೇಲೆ ಮಗ್ಗಕ್ಕೆ ಹೋಗುವ ನೂಲನ್ನೂ ಅವಳೇ ಮುಟ್ಟಿ ಹೇಳಬೇಕಂತೆ.