ಮಗುಚದ ಅಂಗೈ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಕಿಟಕಿ, ಅದೇ ಹೊಲಿಗೆ ಯಂತ್ರ. ಬಾಯಿ ಬಲು ಜೋರು. “ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಟ್ರೆ ಅಂಗಿ ಬಿಗಿಯಾಗುತ್ತಮ್ಮ, ಆಮೇಲೆ ನನ್ನ ಬೈಬೇಡ” ಎಂದು ಗಿರಾಕಿಗಳನ್ನು ಗದರುತ್ತಿದ್ದಳು.

ಗಂಡನೆದುರು ಮಾತ್ರ ಆ ಬಾಯಿಗೆ ಕೆಲಸವಿರಲಿಲ್ಲ. ಅವನು ಬಡಗಿ. ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರಕ್ಕೆ ಎರಡೂ ಕಿವಿ ಹೋಗಿದ್ದವು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಬಲಗೈಯ ಅಂಗೈ ಕೆಳಗಿದ್ದರೆ ಹೇಳಿದ್ದು, ಮೇಲಾದರೆ ಪ್ರಶ್ನೆ ಕೇಳಿದ್ದು. ಎಡಗೈಯಲ್ಲಿ ಆಡಿದ್ದೆಲ್ಲ ತಮಾಷೆ.

ಐವತ್ನಾಲ್ಕನೇ ವಯಸ್ಸಿನಲ್ಲಿ, ಮೇಲಿನ ಶೆಲ್ಫಿನಿಂದ ಬಟ್ಟೆಯ ಸುರುಳಿ ಎಳೆಯುವಾಗ ಸ್ಟೂಲು ಜಾರಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಸೊಟ್ಟಗೆ. ಕತ್ತರಿ ಹಿಡಿದರೆ ಮೊಣಕೈವರೆಗೂ ನೋವು. ಅಂಗೈಯಂತೂ ಏನು ಮಾಡಿದರೂ ಮೇಲಕ್ಕೆ ತಿರುಗದು.

ಹಾಗಾಗಿ ಅವಳು ಕೇಳಿದ್ದೆಲ್ಲ ಅಪ್ಪಣೆಯಾಗತೊಡಗಿತು. ‘ಚಹಾ ಕುಡೀತೀಯಾ?’ ಎಂದರೆ ಅವನಿಗೆ ‘ಚಹಾ ಕುಡಿ’ ಎಂದು ಕಾಣುತ್ತಿತ್ತು. ಮೊದಮೊದಲು ಸಲಾಮು ಹೊಡೆದು ನಗುತ್ತಿದ್ದ. ಬರಬರುತ್ತಾ ನಗು ನಿಂತಿತು.

ಒಂದು ಸಂಜೆ ಅವನ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು, ಒಟ್ಟಿಗೆ ಮನೆಗೆ ಹೋಗೋಣವೆಂದು, ‘ಮುಚ್ತೀಯಾ?’ ಎಂದಳು. ಮಾರನೆಯ ಬೆಳಿಗ್ಗೆ ನೋಡಿದರೆ ಅವನು ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ.

‘ನೀನೇ ಮುಚ್ಚು ಅಂದೆಯಲ್ಲ’ ಎಂದಿತು ಅವನ ಕೈ. ‘ಮೊದಲಿನ ಹಾಗೆ ಕೆಲಸವೂ ಬರ್ತಿಲ್ಲ. ನನಗೆ ವಯಸ್ಸಾಯ್ತು ಅಂತ ನಿನಗೂ ಅನ್ನಿಸಿದೆ ಅಂದ್ಕೊಂಡೆ.’

ಅವಳು ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಎಂಟು ತಿಂಗಳು ಮುಂದೂಡಿದ್ದ ಆಸ್ಪತ್ರೆಗೆ ಆ ವಾರವೇ ಇಬ್ಬರೂ ಹೋದರು.

ಡಾಕ್ಟರು ಮಗಳಾಗುವಷ್ಟು ಚಿಕ್ಕವಳು. ಎರಡೂ ಕೈಗೆ ಸ್ಕ್ಯಾನ್ ಮಾಡಿಸಿದಳು.

“ಮುರಿದಿದ್ದು ಒಂದೇ ಕೈ, ತಾಯಿ” ಎಂದಳು ಟೈಲರಕ್ಕ.

“ಗೊತ್ತಮ್ಮ. ನಿಮ್ಮ ಎಡಗೈಯೇ ನಮಗೆ ಅಳತೆ ಅಂಗಿ.”

ಕಂಪ್ಯೂಟರಿನಲ್ಲಿ ಎಡಗೈಯ ಮೂಳೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಸೊಟ್ಟ ಬಲಗೈಯ ಮೇಲಿಟ್ಟು ತೋರಿಸಿದಳು. ಎಲ್ಲಿ ಕೊಯ್ಯಬೇಕು, ಎಷ್ಟು ತಿರುಗಿಸಬೇಕು ಎಂಬುದೆಲ್ಲ ಅಲ್ಲೇ ಲೆಕ್ಕವಾಯಿತು. ಮುಂದಿನ ಸಲ ಹೋದಾಗ, ಆ ಲೆಕ್ಕದಂತೆ ಅವಳೊಬ್ಬಳ ಮೂಳೆಗೆಂದೇ ಮಾಡಿಸಿದ ಪ್ಲಾಸ್ಟಿಕ್ ಅಚ್ಚು ಮೇಜಿನ ಮೇಲಿತ್ತು. ಪಕ್ಕದಲ್ಲಿ ಮೂಳೆಯ ಮಾದರಿ.

ಬಡಗಿ ಕೇಳದೆಯೇ ಎರಡನ್ನೂ ಎತ್ತಿಕೊಂಡ. ಅಚ್ಚು ಮೂಳೆಯ ಮೇಲೆ ಒಂದೇ ಜಾಗದಲ್ಲಿ ಗಪ್ಪನೆ ಕೂತಿತು. ಅದರ ಸೀಳಿನಲ್ಲಿ ಉಗುರು ಎಳೆದು, ಪಕ್ಕದ ತೂತುಗಳಲ್ಲಿ ಇಣುಕಿ ನೋಡಿದ. ಅವನ ಕೈಗಳು ಚುರುಕಾದವು. ಅವು ಆಡಿದ್ದನ್ನು ಹೆಂಡತಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿದಳು.

“ಗರಗಸ ಈ ಸೀಳಲ್ಲಿ ಓಡುತ್ತಾ ಅಂತ ಕೇಳ್ತಿದಾರೆ. ತೂತು ಕೊರೆಯೋದು ಕೊಯ್ಯೋಕೆ ಮುಂಚೆನಾ, ಆಮೇಲಾ?”

“ಮುಂಚೆನೇ. ಕೊಯ್ದು ಮೂಳೆ ತಿರುಗಿಸಿದ್ಮೇಲೆ ಆ ತೂತುಗಳು, ಮೂಳೆ ಹಿಡಿದಿಡೋಕೆ ಹಾಕೋ ಲೋಹದ ಪ್ಲೇಟಿನ ತೂತಿಗೆ ಸರಿಯಾಗಿ ಬರಬೇಕು. ಬಂದ್ರೆ ಕೈ ನೇರ ಆಯ್ತು ಅಂತ ಅರ್ಥ.” ಡಾಕ್ಟರು ನಕ್ಕಳು. “ಇದನ್ನ ಇಲ್ಲಿವರೆಗೆ ಯಾರೂ ಕೇಳಿರ್ಲಿಲ್ಲ.”

ಅವನು ಅಚ್ಚನ್ನು ಮೆಲ್ಲಗೆ ಕೆಳಗಿಟ್ಟ. ‘ಈ ಹುಡುಗಿಗೆ ಕೆಲಸ ಗೊತ್ತು, ಹೆದರಬೇಡ’ ಎಂದ ಹೆಂಡತಿಗೆ.

ಆಪರೇಷನ್ ದಿನ ಹೆದರಿದ್ದು ಅವನೇ. ಗಾಲಿಮಂಚದ ಜೊತೆಗೇ ಬಾಗಿಲವರೆಗೂ ನಡೆದ. ಅವಳು ಎಡಗೈ ಎತ್ತಿ, ‘ನಾನು ಬರೋದರೊಳಗೆ ಇನ್ನೊಂದು ಮದುವೆ ಆಗ್ಬಿಡಬೇಡ’ ಎಂದಳು. ಅವನಿಗೆ ನಗಲಾಗಲಿಲ್ಲ.

ತೂತುಗಳು ಸರಿಯಾಗಿ ಕೂಡಿದವು. ಆಮೇಲಿನದು ನಿಧಾನದ ದಾರಿ: ಬಿಸಿನೀರು, ವ್ಯಾಯಾಮ, ಹಲ್ಲು ಕಚ್ಚಿ ತಡೆದ ನೋವು. ಹತ್ತನೇ ವಾರದಲ್ಲೊಂದು ಮಧ್ಯಾಹ್ನ ಅವನು ಹಲಗೆ ಉಜ್ಜುತ್ತಿದ್ದಾಗ ಎದುರು ಹೋಗಿ ನಿಂತು, ಅಂಗೈ ಮೇಲೆ ಮಾಡಿ ‘ಹಸಿವಾ?’ ಎಂದಳು.

ಅವನು ಹಲಗೆ ಪಕ್ಕಕ್ಕಿಟ್ಟ. ಅವಳ ಕೈ ಹಿಡಿದು ಗಾಯದ ಗೆರೆಯ ಮೇಲೆ ಹೆಬ್ಬೆರಳಾಡಿಸಿದ. ‘ಇನ್ನೊಂದು ಸಲ ಕೇಳು’ ಎಂದ. ಕೇಳಿದಳು. ‘ಇನ್ನೊಂದು ಸಲ.’ ನಾಲ್ಕು ಸಲ ಕೇಳಿಸಿಕೊಂಡ ಮೇಲೆ, ತುಂಬಾ ಹಸಿವು ಎಂದು ತಲೆಯಾಡಿಸಿದ.

ದಪ್ಪ ಬಟ್ಟೆ ಕತ್ತರಿಸುವ ಬಲ ಮಾತ್ರ ಅವಳ ಕೈಗೆ ಇನ್ನೂ ಬಂದಿಲ್ಲ. ಬೆಳಗಿನ ಹೊತ್ತು ಅಂಗಡಿಗೆ ಬಂದು ಅವನೇ ಕತ್ತರಿಸಿಕೊಡುತ್ತಾನೆ. ಬಡಗಿಯ ಅಳತೆ, ಗೆರೆಗೆ ಗೆರೆ. ಹೊಲಿಗೆಗೆಂದು ಅಂಚು ಬಿಡಬೇಕೆಂಬುದು ಅವನ ತಲೆಗೆ ಹೋಗಲೇ ಇಲ್ಲ. ಮೊದಲ ವಾರ ಮೂರು ಅಂಗಿಗಳು ಯಾರ ಮೈಗೂ ಹಿಡಿಸದೆ ಉಳಿದವು.