ಮುಚ್ಚುವ ಮೊದಲು ಕೇಳಿದವರು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ತಾರಿಹಾಳದ ನಮ್ಮ ಪಂಪಿನ ಕಾರ್ಖಾನೆಯಲ್ಲಿ, ಹರೆಯದಲ್ಲಿ ಲೇಥ್ ನಡೆಸುತ್ತಿದ್ದಾಗ ಕಳೆದುಕೊಂಡದ್ದು. ಆ ಬೋಳು ಬೆರಳಿನಿಂದಲೇ ಕೀಬೋರ್ಡು ಕುಟ್ಟುತ್ತಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಮಾಲಕರ ಮಗನೂ ಹಾಗೇ ಕರೆಯುತ್ತಿದ್ದ. ಕರೆಯುವುದಕ್ಕೇನು, ಬಾಯಿಗೆ ಬಾಡಿಗೆಯೇ?

ತೊಂಬತ್ತರ ದಶಕದಲ್ಲಿ ಕಾರ್ಖಾನೆಗೆ ಮೊದಲ ಕಂಪ್ಯೂಟರ್ ಬಂದಾಗ ಮುಟ್ಟಲು ಎಲ್ಲರೂ ಹೆದರಿದರು. ಕಾಕಾ ಮುಟ್ಟಿದರು. ಯಾವ ಗಿರಾಕಿಗೆ ಯಾವ ಅಳತೆಯ ಪಂಪು ಹೋಗಿದೆ ಎಂದು ಹೇಳುವ ಪ್ರೋಗ್ರಾಮನ್ನೂ ಬರೆದರು. ಮುಂದೆ ಆ ಕಂಪ್ಯೂಟರ್ ಮುದಿಯಾದಾಗ, ಹೊಸ ಸರ್ವರಿನ ಹೊಟ್ಟೆಯೊಳಗೆ ಅದನ್ನು ಇದ್ದಹಾಗೇ ಬದುಕಿಸಿಟ್ಟರು. ಅದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ, ಕಂಪ್ಯೂಟರಿನೊಳಗೊಂದು ಕಂಪ್ಯೂಟರ್. ನಾನು ಡಿಸ್ಪ್ಯಾಚ್ ವಿಭಾಗಕ್ಕೆ ಸೇರುವ ಹೊತ್ತಿಗೆ ಅದು ಊದಿಕೊಂಡಿತ್ತು. ನಕಾಶೆ, ಸಿನಿಮಾ ಹಾಡು, ಯಾರದೋ ಮದುವೆಯ ಫೋಟೋ ಎಲ್ಲವನ್ನೂ ನಾವು ಅದರೊಳಗೇ ತುರುಕುತ್ತಿದ್ದೆವು.

ಆಗ ಮಾಲಕರ ಮಗ ಹೊಸ ಸಾಫ್ಟ್‌ವೇರ್ ಪ್ಯಾಕೇಜು ಕೊಂಡ. ಅದಕ್ಕೆ ಸರ್ವರಿನಲ್ಲಿ ಜಾಗವಿರಲಿಲ್ಲ. ಗೋಕುಲ ರಸ್ತೆಯ ಅಂಗಡಿಗೆ ಹೋಗಿ ಇನ್ನೊಂದು ಹಾರ್ಡ್ ಡಿಸ್ಕ್ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಕಾರಿಗೆ ವರ್ಷವರ್ಷ ಹೊಸ ಸೀಟು ಹಾಕಿಸುವವನಿಗೆ ಅದು ದಂಡದ ಖರ್ಚಾಗಿ ಕಂಡಿತು.

"ಆ ಹಳೇದನ್ನ ತಗದ ಒಗೀರಿ ಕಾಕಾ."

"ಎರಡೂ ಹಿಡಿಸಿದ್ರ?"

"ಹಿಡಸ್ರಿ ನೋಡೂಣು. ಹಿಡದ್ರ ಅದೂ ಇರ್ತೈತಿ, ನೀವೂ ಇರ್ತೀರಿ," ಎಂದು ಅವನು ನಕ್ಕ. ಕಾಕಾ ನಗಲಿಲ್ಲ.

ಮರುದಿನದಿಂದ ಒಂದೊಂದೇ ಮೇಜಿಗೆ ಬಂದು ಕೇಳತೊಡಗಿದರು: "ತಂಗೀ, ಒಳಗ ನಿಂದೇನರ ಐತೇನವಾ? ಬ್ಯಾಡಾದ್ದೆಲ್ಲಾ ಅಳಸಾಕತ್ತೇನಿ." ಇಲ್ಲ ಎಂದರೂ ಮತ್ತೆ ಬಂದು ಕೇಳುತ್ತಿದ್ದರು. ನನಗೆ ಬೇಸರ ಬಂದದ್ದು ಅವರಿಗೂ ಕಂಡಿರಬೇಕು.

"ನಮ್ಮಪ್ಪ ನಮ್ಮೂರ ಅಮ್ಮಿನಬಾವ್ಯಾಗ ಹಗೇವು ಮುಚ್ಚೂಮುಂದ ಅದರ ಬಾಯಿಗೆ ಬಗ್ಗಿ, 'ಯಾರರ ಅದೀರೇನು?' ಅಂತ ಒದರತಿದ್ದ. ಯಾರೂ ಇರಂಗಿಲ್ಲಂತ ಅವಗೂ ಗೊತ್ತು. ಆದ್ರೂ ಕೇಳಬೇಕವಾ."

ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ನಮ್ಮೂರಿನಲ್ಲೂ ಇದ್ದವು.

ಅಳಿಸುವ ಕೆಲಸ ಮುಗಿಯಿತು. ಮಾಲಕರ ಮಗ ಬಂದು ಸರ್ವರ್ ನೋಡಿದ. ವರ್ಚುವಲ್ ಮಷೀನಿನ ಗಾತ್ರ ಒಂದಿಷ್ಟೂ ಇಳಿದಿರಲಿಲ್ಲ. ಎಲ್ಲರೆದುರೇ ರೇಗಿದ: "ಇಷ್ಟ ದಿನ ಏನ ಮಾಡಿದ್ರಿ ಕಾಕಾ? ಸುಳ್ಳ ಹೇಳ್ತೀರೇನು?"

"ಜ್ವಾಳ ತಗದ್ರ ಹಗೇವು ತಾನ ಮುಚ್ಚಿಕೊಳ್ತೈತೇನ್ರಿ? ಮಣ್ಣು ತುಂಬಬೇಕು. ಇಲ್ಲೂ ಹಂಗ. ಖಾಲಿ ಆದಲ್ಲೆಲ್ಲಾ ಸೊನ್ನಿ ತುಂಬತೇನಿ. ಆಮ್ಯಾಲ ಕುಗ್ಗಸಾಕ ಬರತೈತಿ."

ಯಾರೋ ಕಿಸಕ್ಕೆಂದರು. ಸೊನ್ನೆ ತುಂಬುವಾಗ ಅದು ಇನ್ನಷ್ಟು ಊದಿತು. ಕಾಕಾ ಊಟ ಬಿಟ್ಟು ಅದರೆದುರು ಕೂತರು. ಕೊನೆಗೆ ಕುಗ್ಗಿಸುವ ಕೆಲಸ ಮುಗಿದಾಗ ಅದು ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಎರಡೂ ಹಿಡಿದವು. ಆ ಸಂಜೆ ಕಾಕಾ ಎಲ್ಲರಿಗೂ ಗಿರಮಿಟ್ಟು ತಿನ್ನಿಸಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಕಾಣಲಿಲ್ಲ.

ಅವರು ತೆರವು ಮಾಡಿದ ಜಾಗದಲ್ಲೇ ಹೊಸ ಪ್ಯಾಕೇಜು ಬಂದು ಕೂತಿತು. ಒಂದು ತಿಂಗಳೂ ಕಳೆದಿರಲಿಲ್ಲ, ಅದರ ಕಂಪನಿಯವನು ಬಂದವನೇ ಹಳೆಯದನ್ನು ಪೂರ್ತಿ ಅಳಿಸಿಬಿಟ್ಟ. ಮಾಲಕರ ಮಗನೇ ಹೇಳಿದ್ದನಂತೆ. ಅದೇ ವಾರ ಕಾಕಾನನ್ನೂ ತನ್ನ ಕೋಣೆಗೆ ಕರೆಸಿದ. ಬಾಗಿಲು ತೆರೆದೇ ಇತ್ತು.

"ಇನ್ನ ಆರಾಮ ತಗೋರಿ ಕಾಕಾ."

"ಅಳಸೂಮುಂದ ಒಂದ ಮಾತ ಕೇಳಬೇಕಿತ್ತಲ್ರೀ."

"ಯಾರನ್ನ ಕೇಳಬೇಕಿತ್ತು?"

ಅವನು ಕುಹಕವಾಡಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಕಾಕಾ ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ಅಮ್ಮಿನಬಾವಿಗೆ ಬಸ್ಸಿನಲ್ಲಿ ಹೋದೆ. ಮಾಲಕರ ಮಗ ಕಾರಿನಲ್ಲಿ ಬಂದು, ದೊಡ್ಡ ಹಾರ ಹಾಕಿ, ಮೆಲ್ಲಗೆ ನನ್ನ ಪಕ್ಕಕ್ಕೆ ಸರಿದ.

"ಕಾಕಾ ಆ ಪ್ರೋಗ್ರಾಮಿಂದು ಒಂದ ಕಾಪಿ ಎಲ್ಯರ ಇಟ್ಟಿರಬೇಕಲ್ಲ? ಹಳೇ ಗಿರಾಕಿಗಳು ಅಳತಿ ಕೇಳಾಕತ್ತಾರ."

ಕಾಕಾನನ್ನು ಇಳಿಸಿದ ಕುಣಿಗೆ ಆಗಷ್ಟೇ ಮಣ್ಣು ಎಳೆಯತೊಡಗಿದ್ದರು.

"ಯಾರನ್ನ ಕೇಳಬೇಕ್ರೀ, ಸಾಹೇಬ್ರ?" ಎಂದೆ.